ಮಳೆ ಬಂದರೆ ಮಿಸ್ಸಿಂಗ್: ಹಿಮಾಲಯನ್‌ನ ಫ್ಯೂಯಲ್ ಟ್ಯೂನರ್ ರಿಪೇರಿ

ಗಾಡಿ 2018ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್. 411 ಸಿಸಿ, ಒಂದೇ ಸಿಲಿಂಡರ್, ಬಿಎಸ್4, ಫ್ಯೂಯಲ್ ಇಂಜೆಕ್ಷನ್ (ಎಫ್‌ಐ). ಎಂಎಚ್-14 ಪಾಸಿಂಗ್, ಅಂದರೆ ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ್ದು. ನಾನು ತೆಗೆದುಕೊಂಡಿದ್ದು ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ಶೋಕಿಯವರು. ಫ್ರೀ-ಫ್ಲೋ ಸೈಲೆನ್ಸರ್, ಮುಂದೆ 20 ವಾಟಿನ ಎರಡು ಎಲ್‌ಇಡಿ ಫಾಗ್ ಲೈಟ್, ಹ್ಯಾಂಡಲ್ ಮೇಲೆ ಯುಎಸ್‌ಬಿ ಚಾರ್ಜರ್, ಸೀಟಿನ ಕೆಳಗೆ ಅಂಗೈಯಗಲದ ಒಂದು ಕಪ್ಪು ಡಬ್ಬಿ. ಆ ಡಬ್ಬಿಯೇ ಫ್ಯೂಯಲ್ ಟ್ಯೂನರ್. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಈ ಜಾತಿಯ ಡಬ್ಬಿಗಳು ಮಾಡುವ ಕೆಲಸ ಹೆಚ್ಚು ಕಡಿಮೆ ಒಂದೇ.

ಥಿಯರಿ ಜಾಸ್ತಿ ಬೇಡ, ಆದರೆ ಇಷ್ಟು ಗೊತ್ತಿರಲಿ. ಗಾಡಿಯ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರಿಗೆ ಹೇಳುವ ಮಾತನ್ನು ಈ ಡಬ್ಬಿ ನಡುವೆ ಕೂತು ಕೇಳಿಸಿಕೊಳ್ಳುತ್ತದೆ. ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಸ್ವಲ್ಪ ಹಿಗ್ಗಿಸುತ್ತದೆ, ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗುತ್ತದೆ. ಸೈಲೆನ್ಸರಿನ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರಿನ ವೈರೂ ಇದರ ಮೂಲಕವೇ ಇಸಿಯುಗೆ ಹೋಗುತ್ತದೆ. ಇಲ್ಲದಿದ್ದರೆ ಜಾಸ್ತಿ ಹೋದ ಪೆಟ್ರೋಲನ್ನು ಸೆನ್ಸರ್ ಹಿಡಿದುಕೊಡುತ್ತದೆ, ಇಸಿಯು ಅದನ್ನು ಮತ್ತೆ ಕಡಿಮೆ ಮಾಡಿಬಿಡುತ್ತದೆ. ಹಾಗಾಗಿ ಡಬ್ಬಿ ಸೆನ್ಸರಿನ ಸಿಗ್ನಲ್ಲನ್ನೂ ಚೂರು ತಿದ್ದಿ ಮುಂದಕ್ಕೆ ಕಳಿಸುತ್ತದೆ.

ಸೆನ್ಸರಿನ ಸಿಗ್ನಲ್ ಎಷ್ಟು ಸಣ್ಣದು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಪೆಟ್ರೋಲ್ ಕಡಿಮೆ ಇದ್ದರೆ ಸುಮಾರು 0.1 ವೋಲ್ಟ್, ಜಾಸ್ತಿ ಇದ್ದರೆ 0.8 ಅಥವಾ 0.9. ನಡುವಿನ ಗಡಿ 0.45. ಒಟ್ಟು ಆಟ ಒಂದು ವೋಲ್ಟಿನೊಳಗೇ ಮುಗಿಯುತ್ತದೆ.

ಹಂತ 1: ಕಾಯಿಲೆ ಬರೆದಿಟ್ಟುಕೊಂಡಿದ್ದು

ಬೇಸಿಗೆಯಲ್ಲಿ ಗಾಡಿ ಬೆಣ್ಣೆ. ಜೂನ್ ಮಳೆ ಹಿಡಿಯಿತು, ಮಿಸ್ಸಿಂಗ್, ಅಂದರೆ ಎಂಜಿನ್ ತಡವರಿಸುವುದು, ಶುರುವಾಯಿತು. ಡೈರಿಯಲ್ಲಿ ಹೀಗೆ ಬರೆದುಕೊಂಡಿದ್ದೆ:

ಬೆಳಿಗ್ಗೆ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಮೊದಲ ಕೆಲವು ನಿಮಿಷ ಏನೂ ತೊಂದರೆ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ (ರೇಸ್ ಕೊಡದಾಗಿನ ಎಂಜಿನ್ ಓಟ) 1300 ಆರ್‌ಪಿಎಮ್‌ನಿಂದ 900ಕ್ಕೆ ಬೀಳುತ್ತದೆ, ಮತ್ತೆ ಏರುತ್ತದೆ, ಟ್ರಾಫಿಕ್ ಸಿಗ್ನಲ್‌ನಲ್ಲಿ ಆಫ್. 50-60ರಲ್ಲಿ ಒಂದೇ ಸಮ ಹೋಗುತ್ತಿದ್ದರೆ ಯಾರೋ ಹಿಂದಿನಿಂದ ಹಿಡಿದು ಬಿಟ್ಟ ಹಾಗೆ ಎಳೆತ. ಪೂರ್ತಿ ರೇಸ್ ಕೊಟ್ಟರೆ ಮಾತ್ರ ಸರಿಯಾಗಿ ಓಡುತ್ತದೆ. ರೇಸ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ. ಮಳೆ ಇಲ್ಲದ ದಿನ ಇದ್ಯಾವುದೂ ಇಲ್ಲ. ಮಳೆಯಲ್ಲಿ ಕಾಟ ಕೊಟ್ಟ ಗಾಡಿ ಮರುದಿನ ಬಿಸಿಲಲ್ಲಿ ಸುಮ್ನೆ ಓಡುತ್ತದೆ.

ಯಾರಿಗೆ ಹೇಳಿದರೂ ಒಂದೇ ಉತ್ತರ: ಎಲ್ಲೋ ನೀರು ಹೋಗ್ತಿದೆ. ನನಗೂ ಹಾಗೇ ಅನ್ನಿಸಿತ್ತು.

ಹಂತ 2: ಸುಲಭದವು

ಮೊದಲು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ್ದು, ಎಥೆನಾಲ್ ನೀರು ಹೀರಿಕೊಳ್ಳುತ್ತದೆ. ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲ್ ತೆಗೆದು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟೆ. ತಳದಲ್ಲಿ ಬೇರೆ ಪದರ ಕೂತಿದ್ದರೆ ನೀರು ಇದೆ ಅಂತ ಲೆಕ್ಕ. ಏನೂ ಕೂತಿರಲಿಲ್ಲ. ಖರ್ಚು ಸೊನ್ನೆ. ಈ ಪರೀಕ್ಷೆ ಎಲ್ಲರೂ ಮಾಡಬಹುದು, ಬಾಟಲಿ ಮನೆಯೊಳಗೆ ಮಾತ್ರ ಇಡಬೇಡಿ.

ಪ್ಲಗ್ ಬಿಚ್ಚಿದೆ. ತುದಿ ಬಿಳಿ, ಸುಣ್ಣ ಹಚ್ಚಿದ ಬಣ್ಣ. ಅಂದರೆ ಪೆಟ್ರೋಲ್ ಕಡಿಮೆ ಬಿದ್ದು ಸುಡುತ್ತಿದೆ. ಇದು ಒಳ್ಳೆಯ ಸುಳಿವು, ಆದರೆ ಆಗ ಇದರ ಬೆಲೆ ಗೊತ್ತಾಗಲಿಲ್ಲ. ಹೊಸ ಪ್ಲಗ್ ಹಾಕಿದೆ, ನಾನಾ ಪೇಠದಲ್ಲಿ 220 ರೂ. ಏರ್ ಫಿಲ್ಟರ್ ಚೆನ್ನಾಗಿಯೇ ಇತ್ತು. ಥ್ರಾಟಲ್ ಬಾಡಿಗೆ ಕ್ಲೀನರ್ ಹೊಡೆದೆ, ಡಬ್ಬಿಗೆ 380 ರೂ. ಹೊರಗೆ ಬಂದ ಕಪ್ಪು ನೋಡಿ ಸಮಾಧಾನ ಆಯಿತು, ಕಾಯಿಲೆ ಹಾಗೇ ಉಳಿಯಿತು.

ಹಂತ 3: ನೀರಿನ ಬೇಟೆ

ಭಾನುವಾರ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ಟ್ಯಾಂಕ್ ಬಿಚ್ಚಿದೆ. ಎಫ್‌ಐ ಗಾಡಿಯ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ, ಹಾಗೇ ಎಳೆದರೆ ಬಿಸಿ ಎಂಜಿನ್ ಮೇಲೆ ಚಿಮ್ಮುತ್ತದೆ. ಪಂಪಿನ ಕಪ್ಲರ್ (ವೈರುಗಳನ್ನು ಸೇರಿಸುವ ಜೋಡಣೆ) ಕಿತ್ತು ಎಂಜಿನ್ ತಾನಾಗಿ ಆಫ್ ಆಗುವ ತನಕ ಓಡಿಸಿ, ತಣ್ಣಗಾಗಲು ಬಿಟ್ಟು, ಆಮೇಲೆ ಪೈಪ್ ಕಳಚಿದೆ.

ಟ್ಯೂನರಿನ ಎಲ್ಲಾ ಕಪ್ಲರ್ ಬಿಚ್ಚಿ ನೋಡಿದೆ. ಇಂಜೆಕ್ಟರ್ ಕಡೆಯದು ಸ್ವಚ್ಛ. ಸೆನ್ಸರ್ ಕಡೆಯದರಲ್ಲಿ ಒಂದು ಪಿನ್ನಿಗೆ ತುಸು ಹಸಿರು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿದೆ. ಡಬ್ಬಿಯನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬಾಯಿಗೆ ಟೇಪ್ ಸುತ್ತಿದೆ.

ಎಲ್ಲಾ ಜೋಡಿಸಿ ಎಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಿಂದ ಒಂದೊಂದೇ ಕಪ್ಲರ್ ತೋಯಿಸಿದೆ. ಪ್ಲಗ್ ಕ್ಯಾಪ್, ಕಾಯಿಲ್, ಇಗ್ನಿಷನ್ ಸ್ವಿಚ್ ಯಾವುದನ್ನೂ ಬಿಡಲಿಲ್ಲ. ಕೊನೆಗೆ ವಾಚ್‌ಮನ್ ಹತ್ತಿರ ಪೈಪ್ ಕೇಳಿ ತೆಗೆದುಕೊಂಡು ಇಡೀ ಗಾಡಿಗೇ ಹಿಡಿದೆ. ಎಂಜಿನ್ 1300ರಿಂದ ಅಲ್ಲಾಡಲಿಲ್ಲ. ವಾಚ್‌ಮನ್ನೇ "ಗಾಡಿ ಧುವಾಯಲಾ ಪಾಹಿಜೇ ಹೋತಿ ಕಾ?" ಅಂತ, ಅಂದರೆ ಗಾಡಿ ತೊಳೆಯಬೇಕಿತ್ತಾ ಅಂತ ಕೇಳಿ ನಕ್ಕ.

ಇಷ್ಟು ನೀರು ಕುಡಿದ ಗಾಡಿ ಸಂಜೆ ತುಂತುರು ಮಳೆಗೆ ಆಕುರ್ಡಿ ಸಿಗ್ನಲ್‌ನಲ್ಲಿ ಆಫ್ ಆಯಿತು!

ಹಂತ 4: ಡಬ್ಬಿ ತೆಗೆದು, ಡಬ್ಬಿ ಬದಲಿಸಿ

ಇಂಥ ಟ್ಯೂನರಿನ ಒಂದು ಅನುಕೂಲ ಏನೆಂದರೆ ವೈರ್ ಕತ್ತರಿಸದೆ ಕೂರಿಸಿರುತ್ತಾರೆ. ಅದರ ಕಪ್ಲರ್ ಕಳಚಿ ಕಂಪನಿ ಕಪ್ಲರುಗಳನ್ನು ಒಂದಕ್ಕೊಂದು ಸೇರಿಸಿದರೆ ಗಾಡಿ ಮೊದಲಿನಂತೆ. ಹಾಗೆ ಮಾಡಿ ಮಳೆಯಲ್ಲಿ ಆಫೀಸಿಗೆ ಹೋಗಿ ಬಂದೆ. ಪಿಕಪ್ ಸ್ವಲ್ಪ ಸೊರಗಿತ್ತು, ಮಿಸ್ಸಿಂಗ್ ಇರಲಿಲ್ಲ. ಅಂದರೆ ಕಾಯಿಲೆ ಟ್ಯೂನರ್ ಇದ್ದಾಗ ಮಾತ್ರ.

ಇಲ್ಲಿಗೆ ಹೆಚ್ಚಿನವರು ಡಬ್ಬಿ ಕೆಟ್ಟಿದೆ ಅಂತ ತೀರ್ಮಾನಿಸಿ ಹೊಸದಕ್ಕೆ ದುಡ್ಡು ಕೊಡುತ್ತಾರೆ. ನನ್ನ ಹತ್ತಿರ ಒಂದು ದಾರಿ ಇತ್ತು. ಧಾರವಾಡದ ಗೆಳೆಯನೊಬ್ಬ ವಾಕಡ್‌ನಲ್ಲಿ ಇದ್ದಾನೆ. ಅವನದೂ ಇದೇ ಗಾಡಿ, ಇದೇ ಡಬ್ಬಿ. ಒಂದು ವಾರಕ್ಕೆ ಅದಲು ಬದಲು ಮಾಡಿಕೊಂಡೆವು. ಅವನ ಗಾಡಿಯಲ್ಲಿ ನನ್ನ ಡಬ್ಬಿ ಮಳೆಯಲ್ಲೂ ಸರಿಯಾಗಿ ಓಡಿತು. ನನ್ನ ಗಾಡಿಯಲ್ಲಿ ಅವನ ಡಬ್ಬಿಯೂ ಅದೇ ಕಾಟ ಕೊಟ್ಟಿತು. ಡಬ್ಬಿ ನಿರಪರಾಧಿ.

ಹಂತ 5: ಸ್ಕ್ಯಾನರ್

ಈ ನಡುವೆ ಎಂಜಿನ್ ಲೈಟ್ ಹತ್ತಿಕೊಂಡಿತು. ಒಂದು ವರ್ಕ್‌ಶಾಪಿಗೆ ಒಯ್ದೆ. ಸ್ಕ್ಯಾನರ್ ಹಾಕಿದರು, ಪಿ0132 ಅಂತ ಕೋಡ್ ಬಂತು. ಕೌಂಟರಿನವರು ಅರ್ಧ ನಿಮಿಷದಲ್ಲಿ ಹೇಳಿದರು: ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಬೇಕು, ಲೇಬರ್ ಸೇರಿ 4,000 ಚಿಲ್ಲರೆ ಆಗುತ್ತದೆ.

ಕೋಡಿನ ಅರ್ಥ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಅಂತ. ಸೆನ್ಸರ್ ಕೆಟ್ಟಿದೆ ಅಂತ ಅದರಲ್ಲಿ ಎಲ್ಲೂ ಹೇಳಿಲ್ಲ. ಸರ್ಕ್ಯೂಟ್ ಅಂದರೆ ಸೆನ್ಸರ್, ವೈರ್, ಕಪ್ಲರ್, ನಡುವಿನ ಡಬ್ಬಿ, ಇವೆಲ್ಲದರ ಅರ್ಥಿಂಗ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ) ಎಲ್ಲಾ ಬಂತು. ಮೇಲಾಗಿ, ಸೆನ್ಸರೇ ಹೋಗಿದ್ದರೆ ಟ್ಯೂನರ್ ಇಲ್ಲದೆ ಓಡಿಸಿದಾಗಲೂ ಗಾಡಿ ಕಾಟ ಕೊಡಬೇಕಿತ್ತು, ಅಲ್ವಾ? ಸ್ಕ್ಯಾನಿಂಗಿನ ದುಡ್ಡು ಕೊಟ್ಟು ಬಂದೆ, 350 ರೂ. ಕೋಡ್ ನಂಬರ್ ಸಿಕ್ಕಿದ್ದಕ್ಕೆ ಅದು ಮೋಸವೇನಲ್ಲ.

ಈಗ ಅರ್ಥಿಂಗ್ ಮೇಲೆ ಕಣ್ಣು ಬಿತ್ತು. ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ, ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಟ್ಯೂನರಿನ ಕಪ್ಪು ವೈರಿಗೆ ಇಟ್ಟೆ. ಬೀಪ್ ಬಂತು. ಓಮ್ ಮೋಡಿನಲ್ಲಿ 0.5. ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ 0.3 ತೋರಿಸುತ್ತದೆ. ಉಳಿದದ್ದು 0.2. ಅಷ್ಟು ಸಣ್ಣ ಅಂಕಿಯನ್ನು ನನ್ನ 600 ರೂಪಾಯಿಯ ಮೀಟರಿನಲ್ಲಿ ನಂಬುವುದೂ ಕಷ್ಟ, ಬಿಡುವುದೂ ಕಷ್ಟ. ಅರ್ಥಿಂಗ್ ಸರಿ ಇದೆ ಅಂತ ಟಿಕ್ ಹಾಕಿಕೊಂಡೆ.

ಹಂತ 6: ಭೋಸರಿ, ಗುರುವಾರ

ಭೋಸರಿಯಲ್ಲಿ ಒಬ್ಬರು ಮಿಸ್ತ್ರಿ ಇದ್ದಾರೆ. ಇಂಡಿ ತಾಲ್ಲೂಕಿನವರು, ಪುಣೆಗೆ ಬಂದು ಬಹಳ ವರ್ಷವಾಯಿತು. ನಾನು ಕಾಕಾ ಅಂತಲೇ ಕರೆಯುವುದು. ಎಫ್‌ಐ ಗಾಡಿ ಅಂದರೆ ಮೂಗು ಮುರಿಯುತ್ತಾರೆ, ಆದರೆ ವೈರಿಂಗ್ ಕೆಲಸದಲ್ಲಿ ಅವರ ಕೈ ಪಕ್ಕಾ. ಗಾಡಿ ಒಳಗೆ ತೆಗೆದುಕೊಂಡು ಸ್ಟಾರ್ಟ್ ಮಾಡಿ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡರು.

"ಛಲೋನ ಓಡ್ಲಿಕತ್ತದಲ್ರೀ ಸಾಹೇಬ್ರ. ಎಲ್ಲಿ ಮಿಸ್ಸಿಂಗ?"

"ಮಳೆಯಾಗ ಕಾಕಾ."

"ಮಳಿ ನಾ ಎಲ್ಲಿಂದ ತರ್ಲಿ?"

ಅಷ್ಟರಲ್ಲಿ ಕರೆಂಟ್ ಹೋಯಿತು. ಗುರುವಾರ ಈ ಕಡೆ ರಿಪೇರಿಗೆ ಅಂತ ಲೈನ್ ತೆಗೆಯುವುದು ಹೊಸದೇನಲ್ಲ. ಗ್ಯಾರೇಜ್ ಕತ್ತಲು. ಕಾಕಾ ಕೈ ಚಾಚಿ ಫಾಗ್ ಲೈಟಿನ ಸ್ವಿಚ್ ಒತ್ತಿದರು. ಎದುರಿನ ಗೋಡೆ ಬೆಳ್ಳಗಾಯಿತು, ಒಳಗೆಲ್ಲ ಬೆಳಕು. ಪಾನಾ ಹುಡುಕತೊಡಗಿದರು. ಪಾನಾ ಸಿಗುವ ಮೊದಲೇ ಎಂಜಿನ್ ದನಿ ಬದಲಾಯಿತು. 1300 ಇದ್ದದ್ದು ಕುಸಿಯಿತು, ಏರಿತು, ಮತ್ತೆ ಕುಸಿದು ಆಫ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಾಕಾ ಲೈಟ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರು. ಸರಿ ಇದೆ. ಲೈಟ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಮಿಸ್ಸಿಂಗ್. ಆರಿಸಿದರು. ಸರಿ.

"ನಿಮ್ಮ ಗಾಡಿಗಿ ಮಳಿದಲ್ರಿ, ಬೆಳಕಿನ ಬ್ಯಾನಿ ಅದ."

ಮಳೆ ಬಂದಾಗ ಮಾತ್ರ ನಾನು ಫಾಗ್ ಲೈಟ್ ಹಚ್ಚುತ್ತಿದ್ದೆ. ಊರೊಳಗೆ ಒಣ ರಾತ್ರಿಯಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ ಅಂತ ಹಚ್ಚುವುದಿಲ್ಲ. ಹೆಡ್‌ಲೈಟ್ ಈ ಲೆಕ್ಕಕ್ಕೆ ಬರುವುದಿಲ್ಲ, 2017ರಿಂದ ಹೊಸ ಗಾಡಿಗಳಲ್ಲಿ ಅದು ಸದಾ ಉರಿಯುತ್ತಲೇ ಇರುತ್ತದೆ. ಪಾರ್ಕಿಂಗ್‌ನಲ್ಲಿ ಪೈಪ್ ಹಿಡಿದು ತೋಯಿಸಿದಾಗ ಯಾಕೆ ಏನೂ ಆಗಲಿಲ್ಲ ಅನ್ನುವುದೂ ತಿಳಿಯಿತು. ಹಾಡುಹಗಲು, ಫಾಗ್ ಲೈಟ್ ಆಫ್.

ಹಂತ 7: ಅಳತೆ

ಕಾಕಾ ಮೊದಲು ಚಾರ್ಜಿಂಗ್ ಮೇಲೆ ಸಂಶಯ ಪಟ್ಟರು. ಲೈಟಿನ ಭಾರಕ್ಕೆ ಬ್ಯಾಟರಿ ಬೀಳುತ್ತಿರಬಹುದು ಅಂತ. ನಿಂತ ಗಾಡಿಯಲ್ಲಿ 12.6 ವೋಲ್ಟ್. 3000 ಆರ್‌ಪಿಎಮ್‌ನಲ್ಲಿ ಲೈಟ್ ಇಲ್ಲದೆ 14.1, ಲೈಟ್ ಹಚ್ಚಿ 13.8. ಇದರಲ್ಲಿ ತಪ್ಪೇನಿಲ್ಲ. ಆಮೇಲೆ ಟ್ಯೂನರ್ ಕಳಚಿ, ಕಂಪನಿ ಕಪ್ಲರ್ ಸೇರಿಸಿ ಲೈಟ್ ಹಚ್ಚಿದೆವು. ಮಿಸ್ಸಿಂಗ್ ಇಲ್ಲ. ಟ್ಯೂನರೂ ಇರಬೇಕು, ಲೈಟೂ ಉರಿಯಬೇಕು, ಆಗಷ್ಟೇ ಜಗಳ.

ಎರಡಕ್ಕೂ ಸಂಬಂಧ ಎಲ್ಲಿ? ಸೀಟ್ ತೆಗೆದು ಟ್ಯೂನರಿನ ಕಪ್ಪು ವೈರ್ ಹಿಡಿದು ಹೊರಟೆ. ಅದು ಬ್ಯಾಟರಿಗೆ ಹೋಗಿರಲಿಲ್ಲ. ಫ್ರೇಮಿನ ಒಂದು ಬೋಲ್ಟಿಗೆ ಹೋಗಿತ್ತು. ಫಾಗ್ ಲೈಟಿನ ಕಪ್ಪು ವೈರೂ ಅದೇ ಬೋಲ್ಟಿಗೆ. ಯುಎಸ್‌ಬಿ ಚಾರ್ಜರಿನದೂ ಅಲ್ಲಿಗೇ.

ಮೀಟರನ್ನು ಈ ಸಲ ಡಿಸಿ ವೋಲ್ಟಿಗೆ ಹಾಕಿ, ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ಟ್ಯೂನರಿನ ಕಪ್ಪು ವೈರಿನ ತುದಿಯ ಉಂಗುರಕ್ಕೆ, ಅಂದರೆ ಲಗ್‌ಗೆ ಇಟ್ಟೆ. ಎಂಜಿನ್ ಚಾಲೂ. ಎರಡೂ ನೆಗೆಟಿವ್ವೇ, ಹಾಗಾಗಿ ನಡುವೆ ಸೊನ್ನೆ ಬರಬೇಕು. ಲೈಟ್ ಆಫ್ ಇದ್ದಾಗ 0.01. ಲೈಟ್ ಹಚ್ಚಿದರೆ 0.54.

ಅರ್ಧ ವೋಲ್ಟ್! 12 ವೋಲ್ಟಿನ ಗಾಡಿಯಲ್ಲಿ ಅರ್ಧ ವೋಲ್ಟ್ ಏನು ಮಹಾ ಅನ್ನಿಸಬಹುದು. ಆದರೆ ಸೆನ್ಸರಿನ ಇಡೀ ಆಟ ಒಂದು ವೋಲ್ಟಿನೊಳಗೆ. ಲೈಟಿನ ಕರೆಂಟ್ ಅಳೆದೆ, 2.8 ಆಂಪ್ಸ್. 0.54 ಭಾಗ 2.8 ಅಂದರೆ 0.19 ಓಮ್. ಬೀಪ್ ಮೋಡಿಗೆ ಕಾಣದೆ ಕೂತಿದ್ದು ಇದೇ 0.2. ಬೀಪ್ ಬಂದರೆ ತಂತಿ ತುಂಡಾಗಿಲ್ಲ ಅಂತ ಮಾತ್ರ ಅರ್ಥ. ಅರ್ಥಿಂಗ್ ಚೆನ್ನಾಗಿದೆಯಾ ಅಂತ ತಿಳಿಯಬೇಕಾದರೆ ಅದರ ಮೇಲೆ ಕರೆಂಟ್ ಹರಿಯುತ್ತಿರುವಾಗ ವೋಲ್ಟ್ ಅಳೆಯಬೇಕು. ಇಡೀ ಕೆಲಸದಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರುವುದಿದ್ದರೆ ಈ ಒಂದು ಅಳತೆ.

ಇನ್ನೊಂದು ಅಳತೆಯನ್ನೂ ತೆಗೆದೆವು. ಡಬ್ಬಿಯಿಂದ ಇಸಿಯುಗೆ ಹೋಗುವ ಸೆನ್ಸರ್ ವೈರಿನ ಕಪ್ಲರಿಗೆ ಹಿಂದಿನಿಂದ ಗುಂಡುಸೂಜಿ ತೂರಿಸಿ ಮೀಟರ್ ಹಚ್ಚಿದೆವು. ವೈರಿನ ಮೈಗೇ ಸೂಜಿ ಚುಚ್ಚಬೇಡಿ, ಆ ತೂತಿನಿಂದ ಮುಂದಿನ ಮಳೆಗಾಲದಲ್ಲಿ ನಿಜವಾಗಿಯೂ ನೀರು ಹೋಗುತ್ತದೆ. ಬಲ್ಬಿನ ಟೆಸ್ಟರನ್ನೂ ಇಲ್ಲಿ ಹಚ್ಚಬೇಡಿ. ಲೈಟ್ ಆಫ್ ಇದ್ದಾಗ ಸಿಗ್ನಲ್ 0.1ರಿಂದ 0.8ರ ನಡುವೆ ಓಲಾಡುತ್ತಿತ್ತು. ಲೈಟ್ ಹಚ್ಚಿದ ಮೇಲೆ 0.6ಕ್ಕಿಂತ ಕೆಳಗೆ ಬರಲೇ ಇಲ್ಲ, ಮೇಲೆ 1.3 ತನಕ ಹೋಯಿತು.

ಈಗ ಎಲ್ಲಾ ಕೂಡಿಕೊಂಡಿತು. ಫಾಗ್ ಲೈಟಿನ ಕರೆಂಟ್ ಕೆಟ್ಟ ಬೋಲ್ಟಿನಲ್ಲಿ ಇಳಿಯುವಾಗ ಆ ಬೋಲ್ಟೇ ಅರ್ಧ ವೋಲ್ಟ್ ಮೇಲೇಳುತ್ತದೆ. ಟ್ಯೂನರಿಗೆ ಅದೇ ಸೊನ್ನೆ. ಇಸಿಯು ಮಾತ್ರ ಬ್ಯಾಟರಿ ನೆಗೆಟಿವ್ ಅನ್ನೇ ಸೊನ್ನೆ ಅಂತ ಹಿಡಿದಿದೆ. ಟ್ಯೂನರ್ 0.1 ಅಂತ ಕಳಿಸಿದರೆ ಇಸಿಯುಗೆ 0.6 ಅಂತ ಕೇಳಿಸುತ್ತದೆ. ಪೆಟ್ರೋಲ್ ಜಾಸ್ತಿಯಾಗಿದೆ ಅಂದುಕೊಂಡು ಇಸಿಯು ಕಡಿಮೆ ಮಾಡುತ್ತದೆ. ಎಷ್ಟು ಕಡಿಮೆ ಮಾಡಿದರೂ ಸಿಗ್ನಲ್ ಇಳಿಯುವುದಿಲ್ಲ, ಮತ್ತೆ ಕಡಿಮೆ ಮಾಡುತ್ತದೆ. ಕೊನೆಗೆ ಎಂಜಿನ್ನಿಗೆ ಉಪವಾಸ. ಪ್ಲಗ್ ಬಿಳಿ, ಸೈಲೆನ್ಸರಿನಲ್ಲಿ ಪಟಪಟ, ಐಡ್ಲಿಂಗ್‌ನಲ್ಲಿ ಆಫ್, ಪಿ0132. ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗುವ ತನಕ ಇಸಿಯು ಅದರ ಮಾತು ಕೇಳುವುದೇ ಇಲ್ಲ, ಹಾಗಾಗಿ ತಣ್ಣನೆಯ ಗಾಡಿ ಸರಿ. ಪೂರ್ತಿ ರೇಸಿನಲ್ಲೂ ಕೇಳುವುದಿಲ್ಲ, ಹಾಗಾಗಿ ಅಲ್ಲೂ ಸರಿ.

ಕಾಕಾ ಇಷ್ಟೆಲ್ಲಾ ಕೇಳಿ ತಮ್ಮ ಲೆಕ್ಕದಲ್ಲಿ ಹೇಳಿದರು: "ಎರಡು ಮನಿ ನೀರು ಒಂದ ಗಟಾರಕ್ಕ ಬಿಟ್ರ ಹಿಂಗ ಆಗ್ತದ್ರಿ. ಅವರ ಮನ್ಯಾಗ ಬಟ್ಟಿ ಒಗದ್ರ ನಿಮ್ಮ ಬಚ್ಚಲ ತುಂಬ್ತದ."

ಹಂತ 8: ಬೋಲ್ಟ್

10 ನಂಬರ್ ಪಾನಾ ಹಾಕಿ ಬೋಲ್ಟ್ ಬಿಚ್ಚಿದೆವು. ಮೂರು ಲಗ್ ಒಂದರ ಮೇಲೊಂದು. ಕೆಳಗಿನ ಲಗ್ ಎತ್ತಿದಾಗ ಅದರ ಕೆಳಗೆ ಫ್ರೇಮಿನ ಕಪ್ಪು ಬಣ್ಣ ಹೊಸದರಂತೆ ಮಿರಮಿರ ಅನ್ನುತ್ತಿತ್ತು. ಉಂಗುರದ ಗುರುತು ಬಿಟ್ಟರೆ ಒಂದು ಗೀರೂ ಇಲ್ಲ. ಅಂದರೆ ಲಗ್ ಕಬ್ಬಿಣವನ್ನು ಮುಟ್ಟಿಯೇ ಇರಲಿಲ್ಲ. ಇಷ್ಟು ವರ್ಷ ಕರೆಂಟ್ ಹೋಗುತ್ತಿದ್ದದ್ದು ಬೋಲ್ಟಿನ ಥ್ರೆಡ್ಡಿನ ಮೂಲಕ. ಆ ಥ್ರೆಡ್ಡಿನಲ್ಲಿ ಬೆರಳಾಡಿಸಿದರೆ ಕೆಂಪು ಹುಡಿ. ಬೇಸಿಗೆಯಲ್ಲಿ ನಾನು ಫಾಗ್ ಲೈಟ್ ಹಚ್ಚಿರಲಿಲ್ಲ, ಹಾಗಾಗಿ ತುಕ್ಕು ಯಾವಾಗಿನದು ಅಂತ ಹೇಳುವಂತಿಲ್ಲ.

ಇಲ್ಲಿ ನನಗೂ ಕಾಕಾಗೂ ಸಣ್ಣ ಚರ್ಚೆ. ಸ್ಯಾಂಡ್‌ಪೇಪರ್ ಹೊಡೆದು, ಸ್ಟಾರ್ ವಾಶರ್ ಹಾಕಿ, ಅದೇ ಬೋಲ್ಟ್ ಬಿಗಿದರೆ ಸಾಕು ಅಂತ ಅವರು. ಬ್ಯಾಟರಿಗೇ ಎಳೆಯೋಣ ಅಂತ ನಾನು. ಅವರ ಗ್ಯಾರೇಜು, ಅವರ ಮಾತೇ ನಡೆಯಿತು. ಬಣ್ಣ ಕೆರೆದು ಬಿಗಿದ ಮೇಲೆ ಲೈಟ್ ಹಚ್ಚಿದರೆ 0.06. ಮಿಸ್ಸಿಂಗ್ ಮಾಯ. 500 ರೂ. ಕೊಟ್ಟು ಬಂದೆ.

ಎರಡು ವಾರದ ಮಳೆ ತಿಂದು ಅದು 0.2ಕ್ಕೆ ಬಂತು. ಗಾಡಿ ಆಫ್ ಆಗುತ್ತಿರಲಿಲ್ಲ, ಆದರೆ ಐಡ್ಲಿಂಗ್ ಮತ್ತೆ ಓಲಾಡತೊಡಗಿತು. ಕೆರೆದ ಕಬ್ಬಿಣ, ಮೇಲೆ ತಾಮ್ರದ ಲಗ್, ಜೊತೆಗೆ ಹಿಂದಿನ ಚಕ್ರ ಎರಚುವ ಕೆಸರು. ತುಕ್ಕು ಹಿಡಿಯದೆ ಏನಾಗುತ್ತದೆ?

ಹಂತ 9: ವೈರ್ ಎಳೆದಿದ್ದು

ಬುಧವಾರ ಪೇಠದ ತಪಕೀರ ಗಲ್ಲಿಯಲ್ಲಿ ಹೀಟ್ ಶ್ರಿಂಕ್ ಸ್ಲೀವ್ ಮತ್ತು ಲಗ್ ಸಿಕ್ಕವು. ವೈರ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್), ಫ್ಯೂಸ್ ಹೋಲ್ಡರ್ ನಾನಾ ಪೇಠದಲ್ಲಿ. ಒಂದೇ ಸುತ್ತಿನಲ್ಲಿ ಎರಡೂ ಮುಗಿಸಬಹುದು. ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ದೊಡ್ಡ ಕೆಲಸ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಟ್ಯೂನರಿನ ಕಪ್ಪು ವೈರಿಗೆ 1 ಸ್ಕ್ವೇರ್ (ಚದರ ಮಿ.ಮೀ. ದಪ್ಪದ) ವೈರ್ ಸೇರಿಸಿ ನೇರ ಬ್ಯಾಟರಿ ನೆಗೆಟಿವ್‌ಗೆ ತಂದೆ. ಫಾಗ್ ಲೈಟಿಗೆ ಬೇರೆಯೇ 1.5 ಸ್ಕ್ವೇರ್ ವೈರ್, ಬೇರೆ ಲಗ್, ಅದೂ ಬ್ಯಾಟರಿ ನೆಗೆಟಿವ್‌ಗೇ. ಯುಎಸ್‌ಬಿ ಚಾರ್ಜರ್ ಲೈಟಿನ ವೈರಿಗೆ ಸೇರಿಕೊಂಡಿತು, ಟ್ಯೂನರಿನ ವೈರಿಗೆ ಯಾರನ್ನೂ ಸೇರಿಸಲಿಲ್ಲ. ಎರಡು ವೈರೂ ಬ್ಯಾಟರಿಯ ಕಂಬದಲ್ಲೇ ಸೇರುವುದರಿಂದ ಲೈಟಿನ ವೈರಿನಲ್ಲಿ ಎಷ್ಟು ವೋಲ್ಟ್ ಬಿದ್ದರೂ ಟ್ಯೂನರಿಗೆ ಅದರ ಗೊಡವೆ ಇಲ್ಲ.

ಹಿಂದಿನವರು ಫಾಗ್ ಲೈಟಿಗೆ ರಿಲೇ ಹಾಕಿರಲಿಲ್ಲ, ಇಡೀ ಕರೆಂಟ್ ಹ್ಯಾಂಡಲ್ಲಿನ ಪುಟ್ಟ ಸ್ವಿಚ್ಚಿನಲ್ಲೇ ಹರಿಯುತ್ತಿತ್ತು. ನಾಲ್ಕು ಪಿನ್ನಿನ ರಿಲೇ ಹಾಕಿದೆ. 30 ನಂಬರಿನ ಪಿನ್ನಿಗೆ ಬ್ಯಾಟರಿಯಿಂದ 5 ಆಂಪ್ಸ್ ಫ್ಯೂಸ್ ಮೂಲಕ ಪಾಸಿಟಿವ್, 87ರಿಂದ ಲೈಟಿಗೆ. 86ಕ್ಕೆ ಚಾವಿ ಆನ್ ಆದಾಗ ಬರುವ ಕರೆಂಟ್ ಸ್ವಿಚ್ಚಿನ ಮೂಲಕ, 85 ನೆಗೆಟಿವ್‌ಗೆ. 40 ವಾಟಿಗೆ 5 ಆಂಪ್ಸ್ ಸಾಕು. ಇದಕ್ಕೆ 15ರ ಫ್ಯೂಸ್ ಹಾಕುವವರನ್ನು ನೋಡಿದ್ದೇನೆ. ಅಷ್ಟು ದೊಡ್ಡ ಫ್ಯೂಸ್ ಹೋಗುವ ಮೊದಲು ತೆಳ್ಳನೆಯ ವೈರೇ ಸುಟ್ಟುಹೋಗುತ್ತದೆ.

ಲಗ್‌ಗಳನ್ನು ಕ್ರಿಂಪ್ ಮಾಡಿ ಮೇಲೆ ಸ್ಲೀವ್ ಹಾಕಿ ಬಿಸಿ ಮಾಡಿದೆ. ಸೋಲ್ಡರ್ ಹಾಕಲಿಲ್ಲ. ಒಂದೇ ಸಿಲಿಂಡರಿನ ನಡುಕಕ್ಕೆ ಸೋಲ್ಡರ್ ಮುಗಿಯುವ ಅಂಚಿನಲ್ಲೇ ತಂತಿ ಮುರಿಯುತ್ತದೆ. ಮೊದಲ ಲಗ್ ಎಳೆದು ನೋಡಿದರೆ ಕೈಗೇ ಬಂತು, ಇಕ್ಕಳದಿಂದ ಒತ್ತಿದ್ದೆ. ಕ್ರಿಂಪಿಂಗ್ ಟೂಲ್ ತಂದು ಮತ್ತೆ ಮಾಡಿದೆ. ಅದಕ್ಕೇ 450 ರೂ. ಹೋಯಿತು, ಇಡೀ ಕೆಲಸದ ಸಾಮಾನಿಗಿಂತ ಜಾಸ್ತಿ.

ಸಾಮಾನಿನ ಲೆಕ್ಕ: ವೈರ್ ಎರಡೂ ಸೇರಿ 110, ರಿಲೇ ಮತ್ತು ಸಾಕೆಟ್ 180, ಫ್ಯೂಸ್ ಹೋಲ್ಡರ್ 40, ಲಗ್ ಮತ್ತು ಸ್ಲೀವ್ 70. ಒಟ್ಟು 400 ರೂ.

ಕೊನೆಯ ಅಳತೆ, ಎಂಜಿನ್ ಚಾಲೂ, ಲೈಟ್ ಹಚ್ಚಿ, ಯುಎಸ್‌ಬಿಗೆ ಫೋನ್ ಹಾಕಿ: 0.01. ಸೆನ್ಸರ್ ಸಿಗ್ನಲ್ 0.1ರಿಂದ 0.8. ಲೈಟ್ ಹಚ್ಚಿದರೂ ಆರಿಸಿದರೂ ಅದೇ.

ಹಂತ 10: ಮ್ಯಾಪ್

ಮಿಸ್ಸಿಂಗ್ ಹೋಯಿತು, ಮೈಲೇಜೂ ಹೋಯಿತು. ಲೀಟರಿಗೆ 23. ಪ್ಲಗ್ ಬಿಚ್ಚಿದರೆ ಈಗ ಮಸಿ.

ನನ್ನ ಡಬ್ಬಿಯಲ್ಲಿ ತಿರುಗಿಸುವ ಸ್ವಿಚ್ ಇದೆ, 0ರಿಂದ 9 ತನಕ. ಅಂಕಿ ಹೆಚ್ಚಾದಷ್ಟೂ ಪೆಟ್ರೋಲ್ ಜಾಸ್ತಿ. ಈ ಲೆಕ್ಕಕ್ಕೇ ಮ್ಯಾಪ್ ಅನ್ನುವುದು. ಅದು 7ರಲ್ಲಿ ನಿಂತಿತ್ತು. ಹಿಂದಿನ ಮಾಲೀಕರೂ ಇದೇ ಕಾಯಿಲೆಗೆ ಗುದ್ದಾಡಿ, ಎಂಜಿನ್ ಉಪವಾಸ ಬಿದ್ದಿದೆ ಅಂತ ಸ್ವಿಚ್ ತಿರುಗಿಸುತ್ತಾ ಹೋಗಿರಬೇಕು ಅನ್ನುವುದು ನನ್ನ ಊಹೆ. ವೈರಿನ ತೊಂದರೆಯನ್ನು ಪೆಟ್ರೋಲಿನಿಂದ ಮುಚ್ಚುವ ಕೆಲಸ. ಟ್ಯೂನರ್ ಇರುವ ಗಾಡಿಗಳಲ್ಲಿ ಇದನ್ನು ತುಂಬಾ ನೋಡುತ್ತೇನೆ. ಏನೇ ಆಗಲಿ, ಮೊದಲು ಮ್ಯಾಪಿಗೆ ಕೈ ಹಾಕುತ್ತಾರೆ.

5ಕ್ಕೆ ಇಳಿಸಿ ಒಂದು ಟ್ಯಾಂಕ್ ಓಡಿಸಿದೆ, ಪ್ಲಗ್ ಇನ್ನೂ ಕಪ್ಪು. 3ಕ್ಕೆ ಇಳಿಸಿದೆ. ತುದಿ ಕಂದು ಬಣ್ಣಕ್ಕೆ ಬಂತು, ಮೈಲೇಜ್ 29. 2ಕ್ಕೆ ಇಳಿಸಿದರೆ ರೇಸ್ ಬಿಟ್ಟಾಗ ಮತ್ತೆ ಪಟಪಟ. 3ರಲ್ಲಿ ಬಿಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ನಡುವೆ ಒಂದು ಟ್ಯಾಂಕ್. ಇದರಲ್ಲಿ ಅವಸರ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಹಾಗೆ ನೋಡಿದರೆ ಕಂಪನಿ ಸೈಲೆನ್ಸರ್ ಇದ್ದರೆ ಈ ಡಬ್ಬಿ ಇಲ್ಲದೆಯೂ ಗಾಡಿ ಚೆನ್ನಾಗಿಯೇ ಓಡುತ್ತದೆ. ಫ್ರೀ-ಫ್ಲೋ ಸದ್ದಿಗೆ ಟ್ರಾಫಿಕ್ ಪೊಲೀಸರ ಭಯ ಬೇರೆ. ಹಳೆಯ ಸೈಲೆನ್ಸರ್ ಎಲ್ಲಾದರೂ ಸಿಗುತ್ತದಾ ಅಂತ ನೋಡುತ್ತಿದ್ದೇನೆ.

ಹಂತ 11: ತಾಮ್ಹಿಣಿ

ಗೆಳೆಯನೂ ನಾನೂ ಪೌಡ್, ಮುಳಶಿ ದಾಟಿ ತಾಮ್ಹಿಣಿ ಘಾಟಿಗೆ ಹೋದೆವು. ಮಳೆ ಅಂದರೆ ಅಲ್ಲಿಯದು. ಮಂಜಿನಲ್ಲಿ ಎದುರಿನ ಗಾಡಿ ಹತ್ತು ಅಡಿಗೆ ಬಂದಾಗ ಕಾಣುತ್ತಿತ್ತು. ಫಾಗ್ ಲೈಟ್ ಹೋಗುವಾಗ ಬರುವಾಗ ಉರಿಯುತ್ತಲೇ ಇತ್ತು. ಭಜಿ ತಿನ್ನಲು ನಿಂತಾಗಲೂ ಎಂಜಿನ್ ಆಫ್ ಮಾಡದೆ ಐಡ್ಲಿಂಗ್‌ನಲ್ಲಿ ಬಿಟ್ಟು ಕೇಳಿಸಿಕೊಂಡೆ. 1300. ಗೆಳೆಯ ಬೈದ, ಪೆಟ್ರೋಲ್ ದಂಡ ಅಂತ.

ವಾಪಸ್ ಬರುವಾಗ ಫಾಗ್ ಲೈಟಿನ ಸ್ವಿಚ್ ಒತ್ತಿದರೆ ಆರಲಿಲ್ಲ. ಸ್ವಿಚ್ಚಿನೊಳಗೆ ನೀರು ಹೋಗಿದೆ. ಈ ಸಲ ನಿಜವಾದ ನೀರು. ಚಾವಿ ತೆಗೆದರೆ ಆರುತ್ತದೆ, ಹಾಗಾಗಿ ತುರ್ತಿಲ್ಲ. ರಬ್ಬರ್ ಟೋಪಿ ಇರುವ ಸ್ವಿಚ್ ನಾನಾ ಪೇಠದಲ್ಲಿ 150 ರೂಪಾಯಿಗೆ ಸಿಗುತ್ತದಂತೆ. ಮುಂದಿನ ಭಾನುವಾರ ಅದು.